ಅನ್ನ ಬೆಂದದ್ದು ಯಂತ್ರಕ್ಕೆ ಹೇಗೆ ಗೊತ್ತಾಯಿತು?

ಮಕ್ಕಳೇ, ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಅನ್ನ ಬೇಯುವುದನ್ನು ನೀವು ನೋಡಿರುತ್ತೀರಿ. ಅಡುಗೆಯಮ್ಮ ಸೌಟಿನಲ್ಲಿ ನಾಲ್ಕು ಅಗುಳು ತೆಗೆದು, ಒಂದನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಸುಕಿ ನೋಡುತ್ತಾರೆ. ಅಗುಳು ಮೆತ್ತಗಾಗಿದ್ದರೆ ಉರಿ ತಗ್ಗಿಸುತ್ತಾರೆ. ನಡುವೆ ಗಟ್ಟಿ ಚುಕ್ಕೆ ಸಿಕ್ಕರೆ ಇನ್ನೂ ಸ್ವಲ್ಪ ಹೊತ್ತು ಬೇಯಲು ಬಿಡುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು ಎಂದು ನಮ್ಮ ಹಿರಿಯರು ಹೇಳುವುದು ಇದಕ್ಕೇ.

ಈಗ ಯೋಚಿಸಿ. ಬೆರಳಿಲ್ಲದ, ಕಣ್ಣಿಲ್ಲದ, ಮೂಗಿಲ್ಲದ ಒಂದು ಯಂತ್ರಕ್ಕೆ ಈ ಕೆಲಸ ಒಪ್ಪಿಸಿದರೆ? ಅನ್ನ ಬೆಂದದ್ದು ಅದಕ್ಕೆ ತಿಳಿಯುವುದು ಹೇಗೆ? ಸರಿಯಾದ ಹೊತ್ತಿಗೆ ತಾನೇ ಆರಿಹೋಗುವುದು ಹೇಗೆ?

ಇಂದು ಅಂಗಡಿಗಳಲ್ಲಿ ಸಿಗುವ ವಿದ್ಯುತ್ ರೈಸ್ ಕುಕ್ಕರ್ ಈ ಕೆಲಸವನ್ನು ಸುಲಭವಾಗಿ ಮಾಡುತ್ತದೆ. ಆದರೆ ಮೊದಲ ಬಾರಿಗೆ ಅದನ್ನು ತಯಾರಿಸಿ ಮನೆಮನೆಗೆ ತಲುಪಿಸುವುದು ಸುಲಭವಾಗಿರಲಿಲ್ಲ. ಆ ಕಥೆ ನಡೆದದ್ದು ಜಪಾನಿನಲ್ಲಿ. ಅಲ್ಲಿಯ ಜನರಿಗೂ ನಮ್ಮಂತೆಯೇ ಅನ್ನವೇ ಮುಖ್ಯ ಆಹಾರ.

ಸೋತುಹೋದ ಮರದ ಪಾತ್ರೆ

1945ರಲ್ಲಿ ಎರಡನೆಯ ಮಹಾಯುದ್ಧ ಮುಗಿಯಿತು. ಜಪಾನಿನ ಅನೇಕ ನಗರಗಳು ಬಾಂಬ್ ದಾಳಿಯಿಂದ ಸುಟ್ಟುಹೋಗಿದ್ದವು. ಯುದ್ಧದ ಸಾಮಗ್ರಿ ತಯಾರಿಸುತ್ತಿದ್ದ ಕಾರ್ಖಾನೆಗಳು ಮುಚ್ಚಿದವು. ಅವು ಬಳಸುತ್ತಿದ್ದ ವಿದ್ಯುತ್ತು ಈಗ ಮಿಕ್ಕಿತು. ಈ ವಿದ್ಯುತ್ತನ್ನು ಅಡುಗೆಗೆ ಬಳಸಬಾರದೇಕೆ ಎಂದು ಮಸಾರು ಇಬುಕಾ ಎಂಬ ಎಂಜಿನಿಯರ್ ಯೋಚಿಸಿದರು. ಟೋಕಿಯೋ ನಗರದಲ್ಲಿ ಅವರ ಪುಟ್ಟ ಕಾರ್ಯಾಗಾರವಿತ್ತು. ಮುಂದೆ ಸೋನಿ ಎಂಬ ಹೆಸರಿನಿಂದ ಜಗತ್ತಿಗೆಲ್ಲ ಪರಿಚಯವಾದ ಕಂಪನಿಯ ಮೂಲ ಈ ಕಾರ್ಯಾಗಾರವೇ.

ಅವರು ಮರದ ಪಾತ್ರೆಯೊಂದರ ತಳಕ್ಕೆ ಅಲ್ಯೂಮಿನಿಯಂ ಪಟ್ಟಿಗಳನ್ನು ಜೋಡಿಸಿದರು. ಪಾತ್ರೆಯಲ್ಲಿ ಅಕ್ಕಿ ಮತ್ತು ನೀರು. ಪಟ್ಟಿಗಳಿಗೆ ವಿದ್ಯುತ್ ಕೊಟ್ಟಾಗ ಅದು ನೆನೆದ ಅಕ್ಕಿಯ ಮೂಲಕವೇ ಹರಿದು ಬಿಸಿಯುಂಟು ಮಾಡುತ್ತಿತ್ತು. ನೀರು ಹೀರಿಹೋದಂತೆ ವಿದ್ಯುತ್ ಹರಿಯುವುದೂ ಕಡಿಮೆಯಾಗುತ್ತಿತ್ತು. ಉಪಾಯವೇನೋ ಚೆನ್ನಾಗಿತ್ತು. ಆದರೆ ಅಕ್ಕಿಯ ಜಾತಿ ಬದಲಾದರೆ, ನೀರು ತುಸು ಹೆಚ್ಚು ಕಡಿಮೆಯಾದರೆ ಎಲ್ಲವೂ ಕೆಡುತ್ತಿತ್ತು. ಒಮ್ಮೆ ಅರೆಬೆಂದ ಅಕ್ಕಿ, ಇನ್ನೊಮ್ಮೆ ಮುದ್ದೆಯಾದ ಅನ್ನ. ಚೆನ್ನಾಗಿ ಬೆಂದ ಅನ್ನ ಸಿಕ್ಕಿದ್ದು ಅಪರೂಪಕ್ಕೆ. ಆ ಪಾತ್ರೆ ಮಾರುಕಟ್ಟೆಗೆ ಬರಲೇ ಇಲ್ಲ.

ಅದೇ ಕಾಲದಲ್ಲಿ ಮಿತ್ಸುಬಿಷಿ ಕಂಪನಿ ಕಾಯುವ ಸುರುಳಿ ಇರುವ ಪಾತ್ರೆಯೊಂದನ್ನು ಮಾಡಿತು. ಅದು ತಾನಾಗಿ ಆರುತ್ತಿರಲಿಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ನೋಡುತ್ತಲೇ ಇರಬೇಕಾಗಿತ್ತು. ಹಾಗಿದ್ದ ಮೇಲೆ ಸೌದೆ ಒಲೆಗೂ ಅದಕ್ಕೂ ಏನು ವ್ಯತ್ಯಾಸ?

ಫುಮಿಕೋ ಬರೆದಿಟ್ಟ ಲೆಕ್ಕ

1950ರ ದಶಕದ ಮೊದಲಿಗೆ ತೋಶಿಬಾ ಕಂಪನಿಯ ಶೋಗೋ ಯಮಾದಾ ಎಂಬುವರು ಬಟ್ಟೆ ಒಗೆಯುವ ಯಂತ್ರದ ಪ್ರಚಾರಕ್ಕಾಗಿ ಊರೂರು ಸುತ್ತುತ್ತಿದ್ದರು. ಮನೆಗೆಲಸದಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಅವರು ಗೃಹಿಣಿಯರನ್ನು ಕೇಳಿದರು. ದಿನಕ್ಕೆ ಮೂರು ಸಲ ಅನ್ನ ಮಾಡುವುದು ಎಂಬ ಉತ್ತರ ಬಂತು. ನಸುಕಿನಲ್ಲೇ ಎದ್ದು ಒಲೆ ಹಚ್ಚಬೇಕು, ಉರಿ ಏರಿಸಿ ಇಳಿಸಿ ಕಾಯುತ್ತ ಕೂರಬೇಕು.

ಯಮಾದಾ ಈ ಸಮಸ್ಯೆಯನ್ನು ಯೋಶಿತಾದಾ ಮಿನಾಮಿ ಅವರ ಮುಂದಿಟ್ಟರು. ಮಿನಾಮಿ ಟೋಕಿಯೋದಲ್ಲಿ ಒಂದು ಸಣ್ಣ ಕಾರ್ಖಾನೆ ನಡೆಸುತ್ತ, ತೋಶಿಬಾಗೆ ನೀರು ಕಾಯಿಸುವ ವಿದ್ಯುತ್ ಉಪಕರಣಗಳನ್ನು ಮಾಡಿಕೊಡುತ್ತಿದ್ದರು. ಆಗ ಅವರ ವ್ಯಾಪಾರ ಚೆನ್ನಾಗಿ ನಡೆಯುತ್ತಿರಲಿಲ್ಲ. ಈ ಕೆಲಸ ಕೈಗೂಡದಿದ್ದರೆ ಕಾರ್ಖಾನೆಯೇ ಮುಚ್ಚುವ ಭಯವಿತ್ತು.

ಮಿನಾಮಿಗೆ ವಿದ್ಯುತ್ ಉಪಕರಣ ಗೊತ್ತಿತ್ತು, ಅನ್ನ ಗೊತ್ತಿರಲಿಲ್ಲ. ಅನ್ನ ಗೊತ್ತಿದ್ದುದು ಅವರ ಪತ್ನಿ ಫುಮಿಕೋ ಅವರಿಗೆ. ಮನೆ, ಮಕ್ಕಳನ್ನು ನೋಡಿಕೊಳ್ಳುತ್ತಲೇ ಆಕೆ ಪ್ರಯೋಗಕ್ಕೆ ಇಳಿದರು. ಒಲೆಯ ಮೇಲೆ, ಗ್ಯಾಸಿನ ಮೇಲೆ, ಹೊಸ ಮಾದರಿಯ ಪಾತ್ರೆಯಲ್ಲಿ ಮತ್ತೆ ಮತ್ತೆ ಅನ್ನ ಮಾಡಿದರು. ಪ್ರತಿಸಲವೂ ತಾಪಮಾಪಕ ಇಟ್ಟು, ಎಷ್ಟು ಹೊತ್ತಿಗೆ ಎಷ್ಟು ತಾಪ ಎಂದು ಬರೆದಿಟ್ಟರು. ಅನ್ನ ಹೇಗೆ ಬಂತು ಎಂಬುದನ್ನೂ ಗಮನಿಸಿದರು.

ಈ ಲೆಕ್ಕಗಳಿಂದ ಒಂದು ಮುಖ್ಯ ವಿಷಯ ತಿಳಿಯಿತು. ನೀರು ಕುದಿಯಲು ಶುರುವಾದ ಮೇಲೆ ಸುಮಾರು 98 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ 20 ನಿಮಿಷ ಇಟ್ಟರೆ ಅನ್ನ ಹದವಾಗಿ ಬೇಯುತ್ತದೆ. ಅಷ್ಟು ಹೊತ್ತಿನಲ್ಲಿ ಅಕ್ಕಿಯ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ತಳ ಹಿಡಿಯುತ್ತದೆ.

ಹಾಗಾದರೆ ಒಂದು ಗಡಿಯಾರ ಜೋಡಿಸಿದರೆ ಸಾಕಲ್ಲ ಎಂದು ನಿಮಗೆ ಅನಿಸಬಹುದು. ಇಲ್ಲಿಯೇ ತೊಡಕು ಇರುವುದು. 20 ನಿಮಿಷವನ್ನು ಲೆಕ್ಕ ಹಾಕಬೇಕಾದದ್ದು ನೀರು ಕುದಿಯಲು ಶುರುವಾದ ಮೇಲೆ. ಎರಡು ಪಾವು ಅಕ್ಕಿಯ ನೀರು ಬೇಗ ಕುದಿಯುತ್ತದೆ, ಒಂದು ಸೇರಿನದು ತಡವಾಗಿ ಕುದಿಯುತ್ತದೆ. ಚಳಿಗಾಲದಲ್ಲಿ ಇನ್ನೂ ತಡ. ವಿದ್ಯುತ್ತಿನ ಒತ್ತಡ ಕಡಿಮೆ ಇದ್ದರೆ ಮತ್ತಷ್ಟು ತಡ. ಪ್ರತಿ ಮನೆಯಲ್ಲೂ, ಪ್ರತಿ ದಿನವೂ ಲೆಕ್ಕ ಬೇರೆ.

ನೀರೇ ಗಡಿಯಾರವಾಯಿತು

ಇದಕ್ಕೆ ಸಿಕ್ಕ ಪರಿಹಾರ ಬಹಳ ಸರಳ. ಪಾತ್ರೆಯೊಳಗೆ ಪಾತ್ರೆ ಇಟ್ಟರು. ಒಳಪಾತ್ರೆಯಲ್ಲಿ ಅಕ್ಕಿ ಮತ್ತು ನೀರು. ಹೊರಪಾತ್ರೆಯಲ್ಲಿ ಕೇವಲ ಒಂದು ಲೋಟ ನೀರು. ಕೆಳಗೆ ಕಾಯುವ ಸುರುಳಿ.

ಸ್ವಿಚ್ ಒತ್ತಿದಾಗ ಹೊರಪಾತ್ರೆಯ ನೀರು ಕುದಿದು ಆವಿಯಾಗಿ ಒಳಪಾತ್ರೆಗೆ ತಗಲುತ್ತದೆ. ಒಳಪಾತ್ರೆ ಇನ್ನೂ ತಣ್ಣಗಿದ್ದರೆ ಆವಿ ತನ್ನ ಉಷ್ಣವನ್ನು ಅದಕ್ಕೆ ಕೊಟ್ಟು ಮತ್ತೆ ನೀರಾಗಿ ಕೆಳಗೆ ಇಳಿಯುತ್ತದೆ. ಅಂದರೆ ನೀರು ಹೆಚ್ಚು ಖರ್ಚಾಗುವುದಿಲ್ಲ. ಒಳಗಿನದು ಚೆನ್ನಾಗಿ ಕಾದ ಮೇಲೆ ಆವಿ ಹೊರಗೆ ಹೋಗತೊಡಗುತ್ತದೆ, ಹೊರಪಾತ್ರೆಯ ನೀರು ಬೇಗಬೇಗ ಕಡಿಮೆಯಾಗುತ್ತದೆ. ಅದು ಪೂರ್ತಿ ಆರಿಹೋಗಲು ಸುಮಾರು 20 ನಿಮಿಷ ಹಿಡಿಯುವಂತೆ ನೀರಿನ ಅಳತೆಯನ್ನು ಗೊತ್ತುಮಾಡಿದರು.

ನೀರು ಆರಿತು ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಇಲ್ಲಿ ನೀವು ಪಾಠದಲ್ಲಿ ಓದಿದ ಸಂಗತಿ ನೆನಪಿಗೆ ಬರಬೇಕು. ಕುದಿಯುವ ನೀರಿನ ತಾಪ 100 ಡಿಗ್ರಿಗಿಂತ ಮೇಲೇರುವುದಿಲ್ಲ. ಎಷ್ಟೇ ಉರಿ ಕೊಟ್ಟರೂ ಆ ಉಷ್ಣವೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 80 ಕ್ಯಾಲೊರಿ ಸಾಕು. ಅದೇ ಒಂದು ಗ್ರಾಂ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 540 ಕ್ಯಾಲೊರಿ ಬೇಕು. ಆದ್ದರಿಂದ ಹೊರಪಾತ್ರೆಯಲ್ಲಿ ನೀರು ಇರುವ ತನಕ ತಳದ ತಾಪ ಸುಮಾರು 100 ಡಿಗ್ರಿಯಲ್ಲೇ ನಿಲ್ಲುತ್ತದೆ. ಕೊನೆಯ ಹನಿ ಆರಿದೊಡನೆ ತಾಪ ಸರ್ರನೆ ಏರುತ್ತದೆ.

ಈ ಏರಿಕೆಯನ್ನು ಗುರುತಿಸಲು ಒಂದು ದ್ವಿಲೋಹ ಪಟ್ಟಿ ಇಟ್ಟರು. ಎರಡು ಬೇರೆ ಬೇರೆ ಲೋಹಗಳ ತೆಳು ಪಟ್ಟಿಗಳನ್ನು ಒಂದಕ್ಕೊಂದು ಬೆಸೆದರೆ ದ್ವಿಲೋಹ ಪಟ್ಟಿಯಾಗುತ್ತದೆ. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಆಗ ಪಟ್ಟಿ ಬಾಗುತ್ತದೆ. ಬಾಗಿದ ಪಟ್ಟಿ ವಿದ್ಯುತ್ ಮಂಡಲವನ್ನು ಕಡಿಯುತ್ತದೆ, ಕುಕ್ಕರ್ ಆರುತ್ತದೆ. ತಾನಾಗಿ ಆರಿ ಹೊತ್ತಿಕೊಳ್ಳುವ ಇಸ್ತ್ರಿ ಪೆಟ್ಟಿಗೆಯಲ್ಲೂ ಇಂಥದೇ ಪಟ್ಟಿ ಇರುತ್ತದೆ.

ಅಕ್ಕಿ ಎಷ್ಟೇ ಇರಲಿ, ಅದು ಕಾಯಲು ಎಷ್ಟೇ ಹೊತ್ತು ಹಿಡಿಯಲಿ, ಹೊರಪಾತ್ರೆಯ ನೀರು ಅದಕ್ಕೆ ತಕ್ಕಂತೆ ಕಾಯುತ್ತದೆ. ಬೇರೆ ಗಡಿಯಾರವೇ ಬೇಡ.

ಚಳಿಯ ಪರೀಕ್ಷೆ

ಇಷ್ಟಾದರೂ ಕೆಲಸ ಮುಗಿಯಲಿಲ್ಲ. ಜಪಾನಿನ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅಲ್ಲಿಯ ಅಡುಗೆಮನೆ ಟೋಕಿಯೋದ ಅಡುಗೆಮನೆಗಿಂತ ಬಹಳ ತಂಪು. ಕೊರೆಯುವ ಚಳಿಯಲ್ಲಿಟ್ಟು ನೋಡಿದಾಗ ಪಾತ್ರೆಯ ಗೋಡೆಯಿಂದ ಉಷ್ಣ ಸೋರಿಹೋಗಿ 20 ನಿಮಿಷದ ಲೆಕ್ಕ ತಪ್ಪುತ್ತಿತ್ತು. ಮನೆಯೊಳಗೆ ಚೆನ್ನಾಗಿ ಬೆಂದ ಅನ್ನ ಹೊರಗಿನ ಚಳಿಯಲ್ಲಿ ಹದ ಕೆಡುತ್ತಿತ್ತು.

ಇದಕ್ಕೆ ಹೊರಗಿನಿಂದ ಮೂರನೆಯ ಕವಚವೊಂದನ್ನು ಹಾಕಿದರು. ಕವಚಕ್ಕೂ ಪಾತ್ರೆಗೂ ನಡುವೆ ಗಾಳಿ. ಗಾಳಿ ಉಷ್ಣವನ್ನು ಸುಲಭವಾಗಿ ಸಾಗಿಸುವುದಿಲ್ಲ. ಚಳಿಗೆ ನಾವು ಒಂದೇ ದಪ್ಪ ಅಂಗಿಯ ಬದಲು ಎರಡು ಅಂಗಿ ಹಾಕಿಕೊಳ್ಳುವುದಿಲ್ಲವೇ? ಅದೇ ತತ್ತ್ವ.

ಹೀಗೆ ಸುಮಾರು ಮೂರು ವರ್ಷಗಳ ಪ್ರಯತ್ನದ ನಂತರ, 1955ರ ಡಿಸೆಂಬರ್‌ನಲ್ಲಿ ತೋಶಿಬಾ ಕಂಪನಿ ತಾನಾಗಿ ಆರುವ ವಿದ್ಯುತ್ ರೈಸ್ ಕುಕ್ಕರನ್ನು ಮಾರುಕಟ್ಟೆಗೆ ತಂದಿತು. ಬೆಲೆ 3,200 ಯೆನ್. ಯೆನ್ ಎಂದರೆ ಜಪಾನಿನ ನಾಣ್ಯ. ಆ ಕಾಲದ ಸಂಬಳಕ್ಕೆ ಅದು ದೊಡ್ಡ ಮೊತ್ತವೇ.

ಒಂದು ಮಾಡುವುದು, ಲಕ್ಷ ಮಾಡುವುದು

ಮೊದಲಿಗೆ ತಯಾರಾದದ್ದು ಕೇವಲ 700 ಕುಕ್ಕರ್‌ಗಳು. ಅಂಗಡಿಯವರು ಕೊಳ್ಳಲು ಹಿಂಜರಿದರು. ಬೆಂಕಿಯಿಲ್ಲದೆ, ನೋಡುವವರಿಲ್ಲದೆ ಅನ್ನ ಆಗುತ್ತದೆ ಎಂದರೆ ನಂಬುವವರು ಯಾರು? ಯಮಾದಾ ಊರೂರಿಗೆ ಹೋಗಿ, ಜನರ ಎದುರಿನಲ್ಲೇ ಅನ್ನ ಮಾಡಿ ತೋರಿಸಿದರು. ಕಣ್ಣಾರೆ ಕಂಡ ಮೇಲೆ ಜನ ನಂಬಿದರು. ಬೇಡಿಕೆ ಹೆಚ್ಚಿತು. ಕೆಲವೇ ವರ್ಷಗಳಲ್ಲಿ ತಿಂಗಳಿಗೆ ಎರಡು ಲಕ್ಷದವರೆಗೂ ತಯಾರಿಸಬೇಕಾಯಿತು. 1960ರ ಹೊತ್ತಿಗೆ ಜಪಾನಿನ ಸುಮಾರು ಅರ್ಧದಷ್ಟು ಮನೆಗಳಲ್ಲಿ ವಿದ್ಯುತ್ ರೈಸ್ ಕುಕ್ಕರ್ ಇತ್ತು.

ಎರಡು ಲಕ್ಷ! ಒಂದು ಕುಕ್ಕರನ್ನು ಕಾರ್ಯಾಗಾರದಲ್ಲಿ ಕುಳಿತು ಮಾಡುವಾಗ ಪಟ್ಟಿ ಸರಿಯಾಗಿ ಬಾಗದಿದ್ದರೆ ಕೈಯಿಂದಲೇ ತಿದ್ದಬಹುದು. ಲಕ್ಷಗಟ್ಟಲೆ ಮಾಡುವಾಗ ಹಾಗಾಗದು. ಎಲ್ಲ ಪಟ್ಟಿಗಳೂ ಒಂದೇ ತಾಪಕ್ಕೆ ಬಾಗಬೇಕು. ಎಲ್ಲ ಪಾತ್ರೆಗಳೂ ಒಂದೇ ಅಳತೆಗೆ ಬರಬೇಕು. ನೀರೂ ವಿದ್ಯುತ್ತೂ ಅಕ್ಕಪಕ್ಕದಲ್ಲೇ ಇರುವುದರಿಂದ ಒಂದರಲ್ಲೂ ಶಾಕ್ ಹೊಡೆಯಬಾರದು.

ಬಾಳಿಕೆಯ ಲೆಕ್ಕವನ್ನೂ ನೋಡಿ. ದಿನಕ್ಕೆ ಮೂರು ಸಲದಂತೆ ಒಂದು ವರ್ಷಕ್ಕೆ 1,095 ಸಲ ಸ್ವಿಚ್ ಕೆಲಸ ಮಾಡಬೇಕು. ಹತ್ತು ವರ್ಷ ಬಾಳಬೇಕಾದರೆ ಸುಮಾರು 11,000 ಸಲ. ಸಾವಿರ ಕುಕ್ಕರ್‌ಗಳಲ್ಲಿ 999 ಸರಿಯಾಗಿದ್ದು ಒಂದೇ ಒಂದು ಕೆಟ್ಟರೂ, ಅದನ್ನು ಕೊಂಡ ಮನೆಯವರಿಗೆ ಕೆಟ್ಟದ್ದು ಪೂರ್ತಿ ಕುಕ್ಕರೇ. ಅದಕ್ಕಾಗಿಯೇ ಕಾರ್ಖಾನೆಗಳಲ್ಲಿ ಪರೀಕ್ಷಾ ವಿಭಾಗ ಇರುತ್ತದೆ. ನಮ್ಮ ದೇಶದಲ್ಲಿ ವಿದ್ಯುತ್ ಇಸ್ತ್ರಿ ಪೆಟ್ಟಿಗೆ, ವಾಟರ್ ಹೀಟರ್‌ನಂಥ ಉಪಕರಣಗಳ ಮೇಲೆ ಐಎಸ್‌ಐ ಗುರುತು ಇದೆಯೇ ಎಂದು ನೋಡಿ ಕೊಳ್ಳಬೇಕೆಂದು ಹೇಳುವುದೂ ಅದಕ್ಕಾಗಿಯೇ.

ನಂತರದ ವರ್ಷಗಳಲ್ಲಿ ರೈಸ್ ಕುಕ್ಕರ್ ಬದಲಾಯಿತು. ಇಂದಿನ ಸಾಮಾನ್ಯ ಕುಕ್ಕರ್‌ನಲ್ಲಿ ಹೊರಪಾತ್ರೆಗೆ ನೀರು ಹಾಕುವುದಿಲ್ಲ. ತಳದಲ್ಲಿ ಅಯಸ್ಕಾಂತವೊಂದು ಇರುತ್ತದೆ. ಅನ್ನದ ನೀರು ಹೀರಿಹೋಗಿ ತಳದ ತಾಪ 100 ಡಿಗ್ರಿ ದಾಟಿದೊಡನೆ ಅಯಸ್ಕಾಂತ ಹಿಡಿದುಕೊಂಡಿದ್ದ ಲೋಹದ ತುಂಡು ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ. ಹಿಡಿತ ಸಡಿಲಿ, ಸ್ವಿಚ್ 'ಟಕ್' ಎಂದು ಮೇಲೇಳುತ್ತದೆ. ಉಪಕರಣ ಬೇರೆ, ತತ್ತ್ವ ಅದೇ. ನೀರು ಇರುವ ತನಕ ತಾಪ ಏರದು.

ಮಕ್ಕಳೇ, ಇಬುಕಾ ಅವರ ಮರದ ಪಾತ್ರೆಯಲ್ಲೂ ಒಮ್ಮೊಮ್ಮೆ ಒಳ್ಳೆಯ ಅನ್ನ ಆಗಿತ್ತು. ಒಮ್ಮೊಮ್ಮೆ ಆಗುವುದು ಸಾಲದು. ಯಾವ ಮನೆಯಲ್ಲಿ ಯಾರು ಮಾಡಿದರೂ, ಚಳಿಯಿರಲಿ ಸೆಕೆಯಿರಲಿ, ಪ್ರತಿಸಲವೂ ಆಗಬೇಕು. ಅನ್ನವನ್ನು ಪರೀಕ್ಷಿಸಲು ಒಂದು ಅಗುಳು ಸಾಕು. ಆದರೆ ಅನ್ನ ಮಾಡುವ ಯಂತ್ರವನ್ನು ಪರೀಕ್ಷಿಸಲು ಒಂದು ಪಾತ್ರೆ ಅನ್ನ ಸಾಲದು. ಅದಕ್ಕಾಗಿ ಫುಮಿಕೋ ಎಷ್ಟೋ ಪಾತ್ರೆ ಅನ್ನ ಮಾಡಿದರು. ಕುಕ್ಕರಿನ ಮೇಲೆ ಕಂಪನಿಯ ಹೆಸರಿತ್ತು. ಆದರೆ ಅದು ಸರಿಯಾದ ಹೊತ್ತಿಗೆ ಆರುತ್ತಿದ್ದುದು ಆಕೆ ಬರೆದಿಟ್ಟ ಅಂಕಿಗಳಿಂದ. ನೀವು ಪ್ರಯೋಗ ಮಾಡುವಾಗ ಒಮ್ಮೆ ಉತ್ತರ ಬಂದೊಡನೆ ನಿಲ್ಲಿಸಬೇಡಿ. ಮತ್ತೆ ಮಾಡಿ, ಬರೆದಿಡಿ.

ಮಾಡಿ ನೋಡಿ
(ಶಿಕ್ಷಕರ ಅಥವಾ ಹಿರಿಯರ ಜೊತೆ ಮಾತ್ರ ಮಾಡಿ)

1. ತೆಳುವಾದ ಅಲ್ಯೂಮಿನಿಯಂ ಹಾಳೆಯನ್ನು ಕಾಗದಕ್ಕೆ ಗೋಂದಿನಿಂದ ಅಂಟಿಸಿ ಒಣಗಿಸಿ. 10 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ.
2. ಪಟ್ಟಿಯ ಒಂದು ತುದಿಯನ್ನು ಇಕ್ಕಳದಲ್ಲಿ ಹಿಡಿದು, ಲೋಹದ ಬದಿ ಕೆಳಗಿರುವಂತೆ ಮೇಣದಬತ್ತಿಯ ಜ್ವಾಲೆಯಿಂದ ಸಾಕಷ್ಟು ಮೇಲೆ ಹಿಡಿಯಿರಿ. ಜ್ವಾಲೆ ತಗಲಬಾರದು.
3. ಪಟ್ಟಿ ಯಾವ ಕಡೆಗೆ ಬಾಗಿತು? ಏಕೆ? ಐದು ಸಲ ಮಾಡಿ, ಪ್ರತಿಸಲ ಕಂಡದ್ದನ್ನು ಬರೆಯಿರಿ.

ಯೋಚಿಸಿ ಉತ್ತರಿಸಿ

1. ಹೊರಪಾತ್ರೆಗೆ ಒಂದು ಲೋಟದ ಬದಲು ಎರಡು ಲೋಟ ನೀರು ಹಾಕಿದರೆ ಅನ್ನ ಏನಾಗಬಹುದು?
2. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗಿಂತ ಎತ್ತರದಲ್ಲಿದೆ. ಅಲ್ಲಿ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. ಎರಡು ಪಾತ್ರೆಯ ಕುಕ್ಕರ್ ಅಲ್ಲಿಯೂ ತಾನಾಗಿ ಆರುವುದೇ? ಅನ್ನ ಹೇಗೆ ಬರಬಹುದು?
3. ನಿಮ್ಮ ಮನೆಯಲ್ಲಿ ಹೆಚ್ಚು ಹೊತ್ತು, ಹೆಚ್ಚು ಶ್ರಮ ಬೇಡುವ ಕೆಲಸ ಯಾವುದು ಎಂದು ಮನೆಯವರನ್ನು ಕೇಳಿ. ಅದಕ್ಕೊಂದು ಯಂತ್ರ ಮಾಡಬೇಕಾದರೆ ಮೊದಲು ಏನೇನು ಅಳೆದು ಬರೆದಿಡಬೇಕು ಎಂದು ಪಟ್ಟಿ ಮಾಡಿ.