ಒಲೆ ಬೇಡದ ಜೆಲ್ಲಿ

ತೈವಾನಿನಲ್ಲಿ ಬೇಸಿಗೆಯ ದಾಹಕ್ಕೆ ‘ಐಯು’ ಎಂಬ ಜೆಲ್ಲಿ ಮಾಡುತ್ತಾರೆ. ಒಲೆ ಹಚ್ಚುವ ಮಾತೇ ಇಲ್ಲ. ಬಟ್ಟೆಯ ಚೀಲದಲ್ಲಿ ಒಣಬೀಜ ಕಟ್ಟಿ, ತಣ್ಣೀರಿನೊಳಗೆ ಚೆನ್ನಾಗಿ ಹಿಸುಕಿ, ಅಲುಗಿಸದೆ ಇಟ್ಟರೆ ಸ್ವಲ್ಪ ಹೊತ್ತಿಗೆ ನೀರೇ ತೆಳು ಹಳದಿಯ ಜೆಲ್ಲಿಯಾಗಿರುತ್ತದೆ. ಮೇಲೆ ಸಕ್ಕರೆ ಪಾಕ, ನಿಂಬೆರಸ, ಐಸು.

ನಮ್ಮ ಕಾಮಕಸ್ತೂರಿ ಬೀಜವೂ ನೆನೆದರೆ ಲೋಳೆ ಹೊದೆಯುತ್ತದೆ, ಆದರೆ ಆ ಲೋಳೆ ಬೀಜವನ್ನು ಬಿಟ್ಟು ಹೋಗದು. ಐಯು ಬೀಜದ ಹೊರಪದರದ ಪೆಕ್ಟಿನ್ನಾದರೋ ನೀರಿಗೆ ಇಳಿದುಬಿಡುತ್ತದೆ. ಅದರ ಬೆನ್ನಿಗೇ ಪೆಕ್ಟಿನ್ ಮೀಥೈಲ್ ಎಸ್ಟರೇಸ್ ಎಂಬ ಕಿಣ್ವವೂ ಇಳಿಯುತ್ತದೆ. ಪೆಕ್ಟಿನ್ ಸರಪಳಿಯಲ್ಲಿರುವ ಮೀಥೈಲ್ ಗುಂಪುಗಳನ್ನು ಕಿತ್ತುಹಾಕುವುದು ಇದರ ಕೆಲಸ. ಹಾಗೆ ತೆರವಾದ ಕಡೆಗಳಲ್ಲಿ ನೀರಿನ ಕ್ಯಾಲ್ಸಿಯಂ ಸೇರಿಕೊಂಡು ಅಕ್ಕಪಕ್ಕದ ಸರಪಳಿಗಳನ್ನು ಬೆಸೆಯುತ್ತದೆ. ಆದ್ದರಿಂದಲೇ ಕ್ಯಾಲ್ಸಿಯಂ ಇಲ್ಲದ ಭಟ್ಟಿ ನೀರು ಇದಕ್ಕೆ ಒಗ್ಗುವುದಿಲ್ಲ. ಕುದಿನೀರು ಹಾಕಿದರೆ ಕಿಣ್ವವೇ ಕೆಟ್ಟುಹೋಗುತ್ತದೆ. ಗಟ್ಟಿಯಾದದ್ದನ್ನೂ ಹೆಚ್ಚು ಹೊತ್ತು ಇಡುವಂತಿಲ್ಲ, ನೀರು ಬಿಟ್ಟುಕೊಂಡು ಕುಗ್ಗುತ್ತದೆ.

ಬೀಜ ಕೊಡುವುದು ತೈವಾನಿನ ಬೆಟ್ಟಗಾಡಿನ ಒಂದು ಬಳ್ಳಿ ಅತ್ತಿ. ಜಪಾನಿನ ಸಸ್ಯವಿಜ್ಞಾನಿ ತೊಮಿತಾರೊ ಮಾಕಿನೊ 1904ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟರು. ಈಗ ಇದನ್ನು ಫೈಕಸ್ ಪ್ಯೂಮಿಲದ ಒಂದು ಬಗೆ ಎಂದು ಎಣಿಸುತ್ತಾರೆ. ಬೆಂಗಳೂರಿನ ಕಾಂಪೌಂಡ್ ಗೋಡೆಗಳಿಗೆ ಅಂದಕ್ಕಾಗಿ ಹಬ್ಬಿಸುವುದೂ ಫೈಕಸ್ ಪ್ಯೂಮಿಲವನ್ನೇ. ಅದರ ಬೇರುಗಳು ಗೋಡೆಗೆ ಅಂಟಿಕೊಳ್ಳುವಾಗ ಜಿಗುಟು ದ್ರವ ಒಸರುವುದನ್ನು ಡಾರ್ವಿನ್ ಕೂತು ಪರೀಕ್ಷಿಸಿದ್ದರು.

ಅತ್ತಿ ಹಣ್ಣು ಬಿಚ್ಚಿದರೆ ಹುಳ ಎಂದು ನಾವು ಮೂಗು ಮುರಿಯುತ್ತೇವೆ. ಇಲ್ಲಿ ಹುಳ ಹೊಗದಿದ್ದರೆ ಬೀಜವೇ ಇಲ್ಲ. ಬಳ್ಳಿಗಳಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಗಂಡು ಕಾಯಿಯೊಳಗೆ ಹುಟ್ಟಿದ ಪುಟ್ಟ ಕಣಜ, ಪರಾಗ ಹೊತ್ತು ಇನ್ನೊಂದು ಕಾಯಿಯನ್ನು ಹುಡುಕುತ್ತದೆ. ಅದೂ ಗಂಡಾದರೆ ಮೊಟ್ಟೆಗೆ ಜಾಗವುಂಟು. ಹೆಣ್ಣಾದರೆ ಹೂವಿನ ಶಲಾಕೆ ತೀರಾ ಉದ್ದ, ಕಣಜದ ಮೊಟ್ಟೆಯಿಡುವ ಕೊಳವೆ ಅಂಡಾಶಯವನ್ನು ಮುಟ್ಟದು. ಪರಾಗ ಉದುರಿಸಿ, ಸಂತಾನವಿಲ್ಲದೆ ಅಲ್ಲೇ ಸಾಯುತ್ತದೆ. ಶುದ್ಧ ಮೋಸ, ಆದರೆ ಜೆಲ್ಲಿಗೆ ಬೇಕಾದ ಬೀಜ ಕಟ್ಟುವುದು ಈ ಮೋಸದಿಂದಲೇ. ಹೆಣ್ಣು ಬಳ್ಳಿಯನ್ನಷ್ಟೇ ನೆಟ್ಟು ಕೂತರೆ ಬೆಳೆಗಾರನಿಗೆ ಪ್ರಯೋಜನವಿಲ್ಲ, ಕಣಜ ಸಾಕುವ ಗಂಡು ಬಳ್ಳಿಯೂ ಹತ್ತಿರದಲ್ಲಿರಬೇಕು. ಬಲಿತ ಹೆಣ್ಣು ಕಾಯಿಗಳನ್ನು ಕಿತ್ತು, ಸಿಪ್ಪೆ ಹೆರೆದು, ಒಳಮೈ ಹೊರಗೆ ಮಗುಚಿ ಬಿಸಿಲಿಗೆ ಹರಡುತ್ತಾರೆ. ಒಣಗಿದ ಮೇಲೆ ಬೀಜವನ್ನು ಕೆರೆದು ತೆಗೆದರಾಯಿತು.