ಬಿಡಿ ಬಿಡಿಯಾಗಿ ಪಾಸ್, ಬಾಹ್ಯಾಕಾಶದಲ್ಲಿ ಫೇಲ್: ಏನಿದು ಸಿಸ್ಟಮ್ ಟೆಸ್ಟಿಂಗ್?

ಸುನಿತಾ ವಿಲಿಯಮ್ಸ್ ಅವರನ್ನು 2024ರಲ್ಲಿ ಬಾಹ್ಯಾಕಾಶಕ್ಕೆ ಹೊತ್ತೊಯ್ದ ಬೋಯಿಂಗ್ ಸ್ಟಾರ್‌ಲೈನರ್ ನೌಕೆ ಎಲ್ಲರಿಗೂ ಗೊತ್ತು. ಆಗ ಕಾಡಿದ್ದು ಥ್ರಸ್ಟರ್ ತೊಂದರೆ ಮತ್ತು ಹೀಲಿಯಂ ಸೋರಿಕೆ. ಆದರೆ ಇದೇ ಮಾದರಿಯ ನೌಕೆ ಅದಕ್ಕೂ ಮೊದಲು, ತನ್ನ ಚೊಚ್ಚಲ ಹಾರಾಟದಲ್ಲೇ ಸಾಫ್ಟ್‌ವೇರ್‌ನಿಂದಾಗಿ ಎಡವಿತ್ತು.

2019ರ ಡಿಸೆಂಬರ್ 20ರಂದು ಅಟ್ಲಾಸ್ 5 ರಾಕೆಟ್ ಮೂಲಕ ಸ್ಟಾರ್‌ಲೈನರ್ ನಭಕ್ಕೆ ಹಾರಿತು. ಒಳಗೆ ಗಗನಯಾತ್ರಿಗಳಿರಲಿಲ್ಲ, ರೋಸಿ ಎಂಬ ಗೊಂಬೆಯಷ್ಟೇ ಇತ್ತು. ಅದೃಷ್ಟವೆನ್ನಬೇಕು. ರಾಕೆಟ್‌ನಿಂದ ಸಮಯ ಪಡೆಯುವಾಗಲೇ ನೌಕೆಯ ಗಡಿಯಾರ ತಪ್ಪಿತ್ತು, ಅದೂ ಬರೋಬ್ಬರಿ 11 ಗಂಟೆ! ರಾಕೆಟ್‌ನಿಂದ ಬೇರ್ಪಟ್ಟ ನಂತರ ಕಕ್ಷೆ ಸೇರಲು ಎಂಜಿನ್ ಉರಿಸಬೇಕಿದ್ದ ಹೊತ್ತಿಗೆ ಅದು ಉರಿಸಲಿಲ್ಲ. ಇಂಧನ ಸುಮ್ಮನೆ ಪೋಲಾಯಿತು. ಬಾಹ್ಯಾಕಾಶ ನಿಲ್ದಾಣ ತಲುಪುವ ಯೋಜನೆ ಕೈಬಿಟ್ಟು, ಎರಡೇ ದಿನಕ್ಕೆ ನ್ಯೂ ಮೆಕ್ಸಿಕೋದಲ್ಲಿ ಇಳಿಸಬೇಕಾಯಿತು.

ಹಾಗಾದರೆ ಪರೀಕ್ಷೆಯನ್ನೇ ಮಾಡಿರಲಿಲ್ಲವೇ? ಮಾಡಿದ್ದರು. ಸಮಸ್ಯೆ ಇದ್ದದ್ದು ಮಾಡಿದ ರೀತಿಯಲ್ಲಿ. ಸಾಫ್ಟ್‌ವೇರ್‌ನ ಬಿಡಿ ಭಾಗಗಳನ್ನು ಪರೀಕ್ಷಿಸುವುದು ಯೂನಿಟ್ ಟೆಸ್ಟಿಂಗ್. ಎಲ್ಲವನ್ನೂ ಜೋಡಿಸಿ, ನಿಜ ಬಳಕೆಯಂತೆಯೇ ಓಡಿಸಿ ನೋಡುವುದು ಸಿಸ್ಟಮ್ ಟೆಸ್ಟಿಂಗ್. ಉಡಾವಣೆಯಿಂದ ನಿಲ್ದಾಣ ಸೇರುವವರೆಗಿನ ಇಡೀ ಪಯಣವನ್ನು ಒಂದೇ ಸಲಕ್ಕೆ ಪರೀಕ್ಷಿಸಲು 25 ಗಂಟೆಗೂ ಹೆಚ್ಚು ಬೇಕಿತ್ತು. ಹೀಗಾಗಿ ಬೋಯಿಂಗ್ ತಂಡ ಅದನ್ನು ತುಂಡು ತುಂಡಾಗಿ ನಡೆಸಿತು. ಮೊದಲ ತುಂಡು ನೌಕೆ ರಾಕೆಟ್‌ನಿಂದ ಬೇರ್ಪಡುವಲ್ಲಿಗೆ ಮುಗಿಯಿತು. ಗಡಿಯಾರದ ಎಡವಟ್ಟು ಬಯಲಾಗುವುದು ಅದರ ನಂತರ. ಪರೀಕ್ಷೆ ಇನ್ನೂ ಸ್ವಲ್ಪ ಹೊತ್ತು ಓಡಿದ್ದರೆ ನೆಲದ ಮೇಲೇ ಸಿಕ್ಕಿಬೀಳುತ್ತಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ನೌಕೆ ಕಕ್ಷೆಯಲ್ಲಿದ್ದಾಗಲೇ ಇನ್ನೊಂದು ದೋಷ ಪತ್ತೆಯಾಯಿತು. ಇದು ಹೆಚ್ಚು ಭಯಾನಕ. ಭೂಮಿಗೆ ಮರಳುವಾಗ ಕಳಚಿಕೊಳ್ಳುವ ಸರ್ವಿಸ್ ಮಾಡ್ಯೂಲ್, ತಪ್ಪು ಥ್ರಸ್ಟರ್ ಉರಿಸಿ ಹಿಂದಿರುಗಿ ಬಂದು ನೌಕೆಗೇ ಡಿಕ್ಕಿ ಹೊಡೆಯುವ ಅಪಾಯವಿತ್ತು. ಎಂಜಿನಿಯರ್‌ಗಳು ಇಳಿಯುವ ಮುನ್ನ ತರಾತುರಿಯಲ್ಲಿ ಹೊಸ ಸಾಫ್ಟ್‌ವೇರ್ ಕಳುಹಿಸಿ ಪಾರಾದರು. ಈ ಭಾಗದ ಪರೀಕ್ಷೆಯಲ್ಲಿ ನಿಜವಾದ ಯಂತ್ರದ ಬದಲು ಅದನ್ನು ಅನುಕರಿಸುವ ಎಮ್ಯುಲೇಟರ್ ಬಳಸಲಾಗಿತ್ತು.

ಡೆಡ್‌ಲೈನ್ ಹತ್ತಿರ ಬಂದಾಗ ಕತ್ತರಿ ಬೀಳುವುದು ಟೆಸ್ಟಿಂಗ್ ಸಮಯಕ್ಕೇ ಎಂದು ಗೊಣಗುವ ಟೆಸ್ಟರ್‌ಗಳು ಬೆಂಗಳೂರು, ಪುಣೆ, ಹೈದರಾಬಾದ್‌ನಲ್ಲೂ ಇದ್ದಾರೆ. ಒಂದು ದಿನದ ಪರೀಕ್ಷೆ ಉಳಿಸಿದ್ದಕ್ಕೆ ಬೋಯಿಂಗ್ ತೆತ್ತ ಬೆಲೆ ಸಣ್ಣದಲ್ಲ. ಮತ್ತೊಮ್ಮೆ ಖಾಲಿ ಹಾರಾಟ ನಡೆಸಬೇಕಾಗಬಹುದೆಂದು 2020ರ ಜನವರಿಯಲ್ಲಿ ಕಂಪನಿ 41 ಕೋಟಿ ಡಾಲರ್ ತೆಗೆದಿರಿಸಿತು. ಆ ಹಾರಾಟ ಯಶಸ್ವಿಯಾದದ್ದು 2022ರ ಮೇನಲ್ಲಿ.

ತನಿಖೆಯ ಬಳಿಕ ನಾಸಾ ಮತ್ತು ಬೋಯಿಂಗ್ ತಂಡ 80 ಶಿಫಾರಸುಗಳನ್ನು ನೀಡಿತು. ಪ್ರತಿ ಹಾರಾಟಕ್ಕೂ ಮುನ್ನ, ಸಾಧ್ಯವಾದಷ್ಟು ನೈಜ ಯಂತ್ರಗಳನ್ನೇ ಬಳಸಿ, ಆರಂಭದಿಂದ ಕೊನೆಯವರೆಗೆ ಪರೀಕ್ಷೆ ನಡೆಸಬೇಕು ಎಂಬುದು ಅದರಲ್ಲೊಂದು.