ಪೀಠಿಕೆ ಇಲ್ಲದ ಪ್ರಬಂಧ

ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಸುರುಟಿಕೊಂಡಿದೆ, ಯಾರೂ ಬಿಚ್ಚಿಲ್ಲ. ಶಾಲೆಯ ಪ್ರಾರಂಭೋತ್ಸವ ಮುಗಿದು ವಾರ ಕಳೆದಿದೆ. ಹೊಸದಾಗಿ ಸೇರಿದವರ ಕೈಗೆ ಹೂ ಕೊಟ್ಟು ಒಳಗೆ ಕರೆದದ್ದು, ಬಿಸಿಯೂಟಕ್ಕೆ ಪಾಯಸ ಮಾಡಿದ್ದು, ಎಸ್‌ಡಿಎಂಸಿ ಅಧ್ಯಕ್ಷರು ನಾಲ್ಕು ಮಾತಾಡಿದ್ದು ಎಲ್ಲವೂ ವರಾಂಡದ ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ವರದಿಯಾಗಿ ಉಳಿದಿದೆ. ವರದಿ ಬರೆದದ್ದು ಒಂಬತ್ತನೇ ತರಗತಿಯ ಹುಡುಗ. ಪಾಯಸಕ್ಕೆ ಬೆಲ್ಲ ಸಾಲಲಿಲ್ಲ ಎಂಬುದನ್ನೂ ಬಿಡದೆ ದಾಖಲಿಸಿದ್ದಾನೆ.

ಇದು ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ, ತುಮರಿ ಸುತ್ತಿನ ಒಂದು ಸರ್ಕಾರಿ ಪ್ರೌಢಶಾಲೆ. ಶಾಲೆಯ ಹೆಸರು ಹಾಕಬೇಡಿ ಎಂದು ಕನ್ನಡ ಮೇಡಂ ಫೋನಿನಲ್ಲೇ ಹೇಳಿದ್ದರು. ಎಂಟು, ಒಂಬತ್ತನೇ ತರಗತಿಯವರಿಗೆ ಶನಿವಾರ ಬೆಳಗ್ಗೆ ಅವರು ನಡೆಸುವ ಬರವಣಿಗೆ ತರಗತಿ ಈ ವರ್ಷಕ್ಕೆ ಇವತ್ತು ಶುರು.

ಹೆಡ್‌ಮಾಸ್ಟರ ಕೋಣೆ ದಾಟಿದರೆ ಗ್ರಂಥಾಲಯ. ಗ್ರಂಥಾಲಯ ಎಂದರೆ ಎರಡು ಕಬ್ಬಿಣದ ಬೀರು. ಒಂದಕ್ಕೆ ಬೀಗ, ಇನ್ನೊಂದರ ಬೀಗವನ್ನು ಮೇಡಂ ಬೇಕೆಂದೇ ಕಳೆದುಹಾಕಿದ್ದಾರಂತೆ. ಬೀಗವಿಲ್ಲದ್ದರಲ್ಲಿ ತೇಜಸ್ವಿಯವರ ‘ಪರಿಸರದ ಕತೆ’ಯ ಎರಡು ಪ್ರತಿ, ಎರಡರದ್ದೂ ರಟ್ಟು ಹೋಗಿದೆ. ಅದರ ಪಕ್ಕಕ್ಕೆ ನಾ. ಡಿಸೋಜ. ಸಾಗರದವರೇ ಆದ ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದುಕೊಂಡು ಈ ಹಿನ್ನೀರು ಏರಿದ್ದನ್ನು, ಊರುಗಳು ಖಾಲಿಯಾದದ್ದನ್ನು ಹತ್ತಿರದಿಂದ ಕಂಡವರು. ಅವರ ‘ಮುಳುಗಡೆಯ ಊರಿಗೆ ಬಂದವರು’ ಮಕ್ಕಳ ಕಾದಂಬರಿಗೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂತು. ಕಳೆದ ವರ್ಷ ಜನವರಿಯಲ್ಲಿ ತೀರಿಕೊಂಡರು ಎನ್ನಲು ಬಾಯಿ ತೆರೆದೆ. 2025 ಎಂದು ಹುಡುಗಿಯೊಬ್ಬಳು ಇಸವಿಯನ್ನೇ ಹೇಳಿದಳು.

ತರಗತಿ ಅಡುಗೆಕೋಣೆಯ ಮಗ್ಗುಲಲ್ಲಿ. ಕಿಟಕಿ ಸರಳುಗಳಿಗೆ ಒದ್ದೆ ಕೊಡೆಗಳು ನೇತುಬಿದ್ದಿವೆ. ಹೊಲಿಸಿದ ಹೊಸ ಯೂನಿಫಾರ್ಮು ಕೆಲವರಿಗೆ ಮಾತ್ರ, ಉಳಿದವರದ್ದು ಹೋದ ವರ್ಷದ್ದು, ಗಿಡ್ಡವಾದದ್ದು. ಹಿಂದಿನ ಬೆಂಚಿನವನೊಬ್ಬ ಪಾದಕ್ಕೆ ಹತ್ತಿದ ಉಂಬಳ ಕಿತ್ತು ಕಿಟಕಿಯಾಚೆ ಎಸೆದು, ಏನೂ ಆಗದವನಂತೆ ಪೆನ್ನು ತೆಗೆದ.

ಮೇಡಂ ಮೇಜಿನ ಮೇಲೆ ಸೇತುಬಂಧದ ಪೂರ್ವ ಪರೀಕ್ಷೆಯ ಕಟ್ಟು. ವರ್ಷದ ಮೊದಲ ವಾರಗಳಲ್ಲಿ ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ನೋಡಿ, ಕೊರತೆ ತುಂಬಿಸಿ ಮುಂದಕ್ಕೆ ಹೋಗಬೇಕೆಂಬುದು ಇಲಾಖೆಯ ಕ್ರಮ. ‘ಗ್ರಂಥಾಲಯದ ಮಹತ್ವ’ ಕುರಿತು ಬರೆಯಲು ಹೇಳಿದ್ದರು. ಕಟ್ಟು ನನ್ನ ಕೈಗೆ ಕೊಟ್ಟು, “ಓದಿ ನೋಡಿ, ಬೇಗ ಮುಗಿಯುತ್ತೆ” ಎಂದರು. ಮುಗಿಯಿತು. ಹೆಚ್ಚುಕಡಿಮೆ ಎಲ್ಲವೂ ‘ದೇಶ ಸುತ್ತು, ಕೋಶ ಓದು’ ಎಂದೇ ಆರಂಭ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಮೂರು ಅಡಿಗೆರೆ. ಬೀಗ ಕಳೆದ ಬೀರುವಿನ ಸುದ್ದಿ ಒಂದರಲ್ಲೂ ಇಲ್ಲ.

ಇದಕ್ಕೆ ಮಕ್ಕಳನ್ನು ದೂರಿ ಫಲವಿಲ್ಲ. ಎಸ್ಸೆಸ್ಸೆಲ್ಸಿ ಪ್ರಥಮ ಭಾಷೆಗೆ 125 ಅಂಕ, ಅದರಲ್ಲಿ ಬರೆಯುವ ಪರೀಕ್ಷೆಗೇ 100. ಗಾದೆ, ಪತ್ರ, ಪ್ರಬಂಧಗಳಿಗೆ ಗೈಡಿನಲ್ಲಿ ಸಿದ್ಧ ಅಚ್ಚುಗಳಿವೆ. ಅಚ್ಚಿನಲ್ಲಿ ಬರೆದವನ ಅಂಕ ಕೀಳುವುದು ಕಷ್ಟ. ಮೇಡಂಗೂ ಗೊತ್ತು. ಹತ್ತನೆಯವರಿಗೆ ಈ ತರಗತಿ ಇಲ್ಲ, ಅವರಿಗೆ ಅಚ್ಚನ್ನೇ ಕಲಿಸುತ್ತೇನೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಎಂಟು, ಒಂಬತ್ತರಲ್ಲೂ ಮೊದಲ ರೂಪಣಾತ್ಮಕ ಪರೀಕ್ಷೆ ಬರುವವರೆಗೆ ಮಾತ್ರ ಪೂರ್ತಿ ಬಿಡುವು. ಜೂನ್ ತಿಂಗಳು ಮೇಡಂಗೆ ಅಷ್ಟು ಬೆಲೆಯುಳ್ಳದ್ದು.

ಬೋರ್ಡಿನ ಎಡಮೂಲೆಯಲ್ಲಿ ನಿಷೇಧದ ಪಟ್ಟಿ ಬಿತ್ತು: ಪ್ರಕೃತಿಯ ಮಡಿಲು, ಹಚ್ಚಹಸಿರು, ಕಣ್ಮನ ಸೆಳೆಯುವ, ಇಂದಿನ ಆಧುನಿಕ ಯುಗದಲ್ಲಿ, ಒಟ್ಟಿನಲ್ಲಿ ಹೇಳುವುದಾದರೆ. “ಹಚ್ಚಹಸಿರು ಬಿಟ್ರೆ ನಮ್ಮೂರನ್ನ ಏನಂತ ಬರಿಯೋದು ಮೇಡಂ?” ಎಂದ ಒಬ್ಬ. ಕಿಟಕಿಯ ಹೊರಗೆ ಕಾಣುವುದೆಲ್ಲ ಅದೇ ಆದ್ದರಿಂದ ನನಗೂ ಅವನ ಕಷ್ಟ ನ್ಯಾಯವೆನಿಸಿತು. ಪಟ್ಟಿ ತುಸು ಬಿಗಿಯಾಯಿತು ಅಂತಲೇ ನನ್ನ ಅಭಿಪ್ರಾಯ.

ಮೊದಲ ಕೆಲಸ: ಬಸ್ಸಿಳಿದ ಜಾಗದಿಂದ ನಿಮ್ಮ ಮನೆಗೆ ಬರಲು ಅಪರಿಚಿತರಿಗೆ ದಾರಿ ಬರೆದುಕೊಡಿ. ಅರ್ಧ ಗಂಟೆ. ಆಮೇಲೆ ಹಾಳೆಗಳು ಅದಲುಬದಲಾದವು. ಸಿಕ್ಕವರು ಅದನ್ನು ಓದಿಕೊಂಡು ನಕ್ಷೆ ಬಿಡಿಸಬೇಕು. ಗಲಾಟೆ ಶುರುವಾದದ್ದು ಆಗ. ಒಬ್ಬಳ ಮನೆ ಹೊಳೆಯೊಳಗೆ ಬಂತು. “ಸಂಕ ದಾಟಿ” ಎಂದು ಬರೆದವನು ಸಂಕ ಎರಡಿವೆ ಎಂಬುದನ್ನು ಬರೆದಿರಲಿಲ್ಲ. “ಸ್ವಲ್ಪ ದೂರ ಹೋದರೆ” ಎಂಬಲ್ಲಿ ನಕ್ಷೆ ಬಿಡಿಸುವವಳು ಪೆನ್ಸಿಲ್ ಕೆಳಗಿಟ್ಟು, “ಎಷ್ಟ್ ದೂರ ಮಾರಾಯ? ನಂಗೆಂತ ಗೊತ್ತು?” ಎಂದು ಜಗಳಕ್ಕೇ ನಿಂತಳು. ಮೇಡಂ ತಿದ್ದಲಿಲ್ಲ, ಬೆಂಚುಗಳ ನಡುವೆ ಓಡಾಡಿಕೊಂಡಿದ್ದರು ಅಷ್ಟೆ. ಎರಡನೇ ಸಲ ಬರೆದಾಗ ಅಡಿಕೆ ಚಪ್ಪರ ಬಂತು, ಕರೆಂಟ್ ಕಂಬ ಬಂತು, ಕಚ್ಚುವ ನಾಯಿಯ ಹೆಸರು ಬಂತು. ಭಾಷೆಯ ಮೇಲಿನ ಎಷ್ಟೋ ಭಾಷಣಗಳನ್ನು ಕೇಳಿದ್ದೇನೆ. ಓದುವವನೊಬ್ಬ ಎದುರಿಗಿದ್ದಾನೆ ಎಂಬುದನ್ನು ಇಷ್ಟು ಚುರುಕಾಗಿ ಮುಟ್ಟಿಸಿದ್ದು ಕಂಡಿರಲಿಲ್ಲ.

“ಇದಕ್ಕೆ ಎಷ್ಟು ಮಾರ್ಕ್ಸ್ ಮೇಡಂ?”

“ಸೊನ್ನೆ.”

ಕೇಳಿದವನಿಗೆ ನಿರಾಸೆಯಾಯಿತೋ ನಿರಾಳವಾಯಿತೋ ಮುಖದಲ್ಲಿ ತಿಳಿಯಲಿಲ್ಲ.

ಎರಡನೆಯದು, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಬರೆಯಿರಿ. ಉಂಬಳದ ಹುಡುಗ ಅಡಿಕೆಗೆ ಕೊಳೆ ಔಷಧಿ ಮಾಡುವುದನ್ನು ಆರಿಸಿಕೊಂಡ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ತುತ್ತವನ್ನೂ ಸುಣ್ಣವನ್ನೂ ಬೇರೆಬೇರೆ ಡ್ರಮ್ಮಿನಲ್ಲಿ ಕರಗಿಸಬೇಕು, ಡ್ರಮ್ಮು ಪ್ಲಾಸ್ಟಿಕ್ಕಿನದೇ ಆಗಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕೊನೆಗೆ ಕಬ್ಬಿಣದ ಕತ್ತಿ ಅದ್ದಿ ತೆಗೆದು ನೋಡಬೇಕು, ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ಸೇತುಬಂಧದ ಹಾಳೆಯಲ್ಲಿ ಇದೇ ಹುಡುಗ ಗ್ರಂಥಾಲಯವನ್ನು ಜ್ಞಾನದ ಭಂಡಾರ ಎಂದು ಮೂರು ಕಡೆ ಬರೆದಿದ್ದ. ಇಲ್ಲಿ ಒಂದು ಪದವೂ ಹೆಚ್ಚಿಗಿಲ್ಲ. ಕಾಗುಣಿತದ ತಪ್ಪು ಐದಾರಿವೆ, ಮೇಡಂ ಅವುಗಳ ಅಡಿಗೆ ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟರು. ಕೆಂಪು ಶಾಯಿ ಈ ಪುಸ್ತಕಗಳಿಗೆ ಇಲ್ಲ.

ಒಳ್ಳೆಯ ಬರಹಗಳು ಗೋಡೆ ಪತ್ರಿಕೆಗೆ ಹೋಗುತ್ತವೆ. ಅದನ್ನೂ ನೋಡಿದೆ. ಮಳೆಗಾಲದ ತೇವಕ್ಕೆ ಡ್ರಾಯಿಂಗ್ ಶೀಟಿನ ಅಂಚು ಮುದುಡುತ್ತದೆ, ಸ್ಕೆಚ್ ಪೆನ್ನು ಹರಡುತ್ತದೆ. ಹಾಗಾಗಿ ಬಾಲ್ ಪೆನ್ನು, ದಪ್ಪ ಅಕ್ಷರ, ಒಲೆಯ ಬಿಸಿ ತಾಗುವ ಅಡುಗೆಕೋಣೆಯ ಗೋಡೆ. ಅಡುಗೆಯಮ್ಮನೇ ಎಲ್ಲರಿಗಿಂತ ಮೊದಲ ಓದುಗರು.

ಈ ಸಲದ ಮೊದಲ ಸಂಚಿಕೆಗೆ ವಿಷಯ ಆಗಲೇ ಗೊತ್ತಾಗಿದೆ: ಹೊಸ ಸೇತುವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಸಾಗರ ಪೇಟೆಗೂ ಈ ಊರುಗಳಿಗೂ ನಡುವೆ ನೀರು ನಿಂತಿತು. ಹೊಳೆಬಾಗಿಲಿನ ಲಾಂಚೇ ಹತ್ತಿರದ ದಾರಿಯಾಯಿತು, ಕತ್ತಲಾದರೆ ಅದೂ ಇಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2.44 ಕಿ.ಮೀ. ಉದ್ದದ ಸೇತುವೆ ಓಡಾಟಕ್ಕೆ ತೆರೆಯಿತು. ಶಾಲೆ ಬಾಗಿಲು ತೆರೆದ ದಿನದಿಂದಲೇ ಸೇತುವೆ ಇರುವ ವರ್ಷ ಇದೇ ಮೊದಲು. ಸಾಗರದಿಂದ ಬರುವ ಮೇಷ್ಟ್ರುಗಳು ಈಗ ಸಂಜೆ ಲಾಂಚಿಗೆಂದು ಗಡಿಯಾರ ನೋಡುವುದಿಲ್ಲ. ರಾತ್ರಿ ಹೊಟ್ಟೆನೋವು ಬಂದರೆ ಬೆಳಗಾಗಲಿ ಎಂದು ಕಾಯುವುದಿಲ್ಲ. ಮಕ್ಕಳು ಇದನ್ನೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು, ಮೇಡಂ ಬೋರ್ಡಿನ ಮೇಲೆ ಬರೆದುಕೊಂಡರು.

“ಉಪಯೋಗ ಮಾತ್ರ ಬರೀಬೇಕಾ ಮೇಡಂ?” ಎಂದಳು ಕಿಟಕಿಯ ಪಕ್ಕದವಳು.

“ಯಾಕೆ?”

ಅವಳ ಅಮ್ಮ ಲಾಂಚಿನ ಕಟ್ಟೆಯ ಹತ್ತಿರ ಅಂಗಡಿ ಇಟ್ಟಿದ್ದರು. ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಸಾಲುಗಟ್ಟಿ ನಿಂತಾಗ ಚಾ, ಮಂಡಕ್ಕಿ, ಮಾವಿನಮಿಡಿ ಉಪ್ಪಿನಕಾಯಿ ಮಾರುತ್ತಿದ್ದರು. ಈಗ ಕಾರುಗಳು ನಿಲ್ಲುವುದಿಲ್ಲ. ಸೇತುವೆ ಬೇಡ ಅಂತ ಅಲ್ಲ, ತನ್ನಜ್ಜಿಯನ್ನು ಹೋದ ತಿಂಗಳು ಅರ್ಧರಾತ್ರಿ ಆಸ್ಪತ್ರೆಗೆ ಸಾಗಿಸಿದ್ದೂ ಅದರ ಮೇಲೆಯೇ ಎಂದು ಅವಳೇ ಸೇರಿಸಿದಳು. ಎರಡನ್ನೂ ಒಂದೇ ಪ್ರಬಂಧದಲ್ಲಿ ಹಾಕಬಹುದೇ, ಹಾಕಿದರೆ ಉಪಸಂಹಾರದಲ್ಲಿ ಏನು ಬರೆಯುವುದು ಎಂಬುದು ಅವಳ ಪ್ರಶ್ನೆ.

“ಉಪಸಂಹಾರ ಬಿಡು. ಅಂಗಡಿಯಿಂದ ಶುರು ಮಾಡು” ಎಂದರು ಮೇಡಂ.

ಬೆಲ್ ಹೊಡೆಯುವಷ್ಟರಲ್ಲಿ ಅವಳು ಅರ್ಧ ಪುಟ ಬರೆದಿದ್ದಳು: ಅಂಗಡಿಯ ಅಳತೆ, ಡಬ್ಬಗಳ ಸಾಲು, ಯಾವ್ಯಾವುದಕ್ಕೆ ಎಷ್ಟೆಷ್ಟು ದರ, ಚಿಲ್ಲರೆ ಇಲ್ಲದವರಿಗೆ ಕೊಡುತ್ತಿದ್ದ ಚಾಕಲೇಟು. ಮೇಡಂ ಪೆನ್ಸಿಲಿನಲ್ಲಿ ಅಂಚಿಗೆ ಎರಡು ಪ್ರಶ್ನೆ ಹಾಕಿದರು. ಒಲೆ ಹೊತ್ತಿಸುತ್ತಿದ್ದದ್ದು ಎಷ್ಟು ಗಂಟೆಗೆ? ಈಗ ಅಮ್ಮ ಏನು ಮಾಡುತ್ತಾರೆ? ಉತ್ತರ ಮುಂದಿನ ಶನಿವಾರಕ್ಕೆ.